ಮಲಪ್ರಭೆಯ ಉರುಟುಗಲ್ಲು ಎಲ್ಲಿಂದ ಬಂತು?

ಪಟ್ಟದಕಲ್ಲಿನ ಗುಡಿಗಳ ಮಗ್ಗುಲಲ್ಲೇ ಮಲಪ್ರಭೆ ಉತ್ತರಕ್ಕೆ ಮುಖ ತಿರುಗಿಸಿ ಹರಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಸೀಮೆಯ ಪಾತ್ರದಲ್ಲಿ ಅಲ್ಲಲ್ಲಿ ಉರುಟುಗಲ್ಲಿನ ದಿಬ್ಬಗಳು ಬಯಲಾಗುತ್ತವೆ. ಹಾಲುಬಿಳುಪು, ನಸುಗೆಂಪು, ಜೇನುಬಣ್ಣ, ಇಟ್ಟಿಗೆಗೆಂಪು, ಒಂದರ ಮೇಲೊಂದು ಗೆರೆ ಎಳೆದಂಥ ಕಪ್ಪು-ಕೆಂಪು ಪಟ್ಟೆಯವು, ಹೀಗೆ ಒಂದು ಬೊಗಸೆಯಲ್ಲೇ ನಾಲ್ಕೈದು ಬಗೆ. ಕೆಂಪು ಮರಳುಗಲ್ಲಿನ ಶಿಲ್ಪ ನೋಡಲು ಬಂದವರು ಕಾಲಡಿಯ ಈ ಕಲ್ಲುಗಳನ್ನು ತುಳಿದುಕೊಂಡೇ ಹೋಗುತ್ತಾರೆ. ಇವು ಇಷ್ಟು ದುಂಡಗೆ ಹೇಗಾದವು ಎಂದು ಕೇಳಿದರೆ ಯಾರಾದರೂ ಒಂದೇ ಉತ್ತರ ಕೊಡುತ್ತಾರೆ: ಹೊಳೆ ಉರುಳಿಸಿ ಉರುಳಿಸಿ ದುಂಡಗೆ ಮಾಡಿದೆ.

ಆ ಉತ್ತರ ಸರಿ. ಆದರೆ ಯಾವ ಹೊಳೆ? ಈ ರಾಶಿಯಲ್ಲಿ ಮಲಪ್ರಭೆ ತಾನೇ ಉಜ್ಜಿದ ಕಲ್ಲುಗಳಿವೆ. ಅವುಗಳ ಜೊತೆಗೆ, ಮಲಪ್ರಭೆ ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲು ಬೇರೊಂದು ನದಿ ದುಂಡಗೆ ಮಾಡಿ, ಹೂತಿಟ್ಟು ಹೋದ ಕಲ್ಲುಗಳೂ ಇವೆ. ಆ ನದಿಗೆ ಹೆಸರಿಲ್ಲ. ಅದರ ಕೈಗೆಲಸ ಮಾತ್ರ ನಮ್ಮ ಅಂಗೈಯಲ್ಲಿದೆ. ಕಲ್ಲಿನ ಗುರುತು ಹಿಡಿಯುವುದು ಎಂದರೆ ಹೆಸರು ಹೇಳಿ ಮುಗಿಸುವುದಲ್ಲ. ಅದು ಬಂದ ದಾರಿಯನ್ನು ಹಿಂದಕ್ಕೆ ನಡೆದು ನೋಡುವುದು ಎಂಬುದು ನನಗೆ ಮನದಟ್ಟಾದದ್ದು ಈ ಹೊಳೆಯ ಕಲ್ಲುಗಳಿಂದಲೇ.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ ಹುಟ್ಟುತ್ತದೆ. ಸುಮಾರು 300 ಕಿಲೋಮೀಟರ್ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ದಾರಿಯಲ್ಲಿ ಅದು ಲಾವಾದಿಂದಾದ ಕಪ್ಪು ಬಸಾಲ್ಟ್, ಜಂಬಿಟ್ಟಿಗೆ, ಹಳೆಯ ಧಾರವಾಡ ಶಿಲೆಗಳು, ಗ್ರಾನೈಟ್, ಕೊನೆಗೆ ಕಲಾದಗಿ-ಬಾದಾಮಿ ಸೀಮೆಯ ಪದರಶಿಲೆಗಳು ಎಲ್ಲವನ್ನೂ ಹಾಯುತ್ತದೆ. ಹಾಗಾದರೆ ದಂಡೆಯ ರಾಶಿಯಲ್ಲಿ ಇವೆಲ್ಲ ಸಮಪಾಲಾಗಿ ಸಿಗಬೇಕಿತ್ತಲ್ಲ? ಸಿಗುವುದಿಲ್ಲ. ಬಸಾಲ್ಟ್ ಗಾಳಿ-ನೀರಿಗೆ ಸಿಕ್ಕಿ ಹೊರಮೈಯಿಂದ ಒಳಕ್ಕೆ ಕಂದು ಮಣ್ಣಾಗುತ್ತಾ ಹೋಗುತ್ತದೆ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗುತ್ತದೆ. ಪದರು ಪದರಾದ ಜೇಡಿಶಿಲೆಯಂತೂ ಕೆಲವು ಮೈಲಿ ಉರುಳುವಷ್ಟರಲ್ಲಿ ಪುಡಿ. ಎಲ್ಲ ಹೊಡೆತ ತಿಂದು ಕಡೆಗೆ ಉಳಿಯುವುದು ಬೆಣಚು ಮತ್ತು ಅದರ ಬಳಗ. ಹೊಳೆಯ ರಾಶಿ ಎಂದರೆ ಉಳಿದವರ ಪಟ್ಟಿ, ಹೊರಟವರ ಪಟ್ಟಿಯಲ್ಲ.

ಹಾಗಾಗಿ ಮೊದಲ ಪರೀಕ್ಷೆ ಗಟ್ಟಿತನದ್ದು. ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳನ್ನು ಒಂದರಿಂದ ಇನ್ನೊಂದನ್ನು ಗೀರಿ ನೋಡಿ 1ರಿಂದ 10ರವರೆಗೆ ಸಾಲಾಗಿ ನಿಲ್ಲಿಸಿದ. ಸುಣ್ಣದ ಕಲ್ಲಿನ ಕ್ಯಾಲ್ಸೈಟ್ 3, ಬೆಣಚು 7. ನಮ್ಮ ಜೇಬಿನ ಚಾಕುವಿನ ಉಕ್ಕು ಇವೆರಡರ ನಡುವೆ ಎಲ್ಲೋ ಬರುತ್ತದೆ. ಚಾಕುವಿನ ಮೊನೆಯಿಂದ ಕಲ್ಲನ್ನು ಗೀರಿ, ಬೆರಳಿಂದ ಒರೆಸಿ. ಗುಳಿ ಬಿದ್ದಿದ್ದರೆ ಕಲ್ಲು ಮೆತ್ತಗಿನದು. ಗುಳಿ ಬೀಳದೆ ಬೂದುಬಣ್ಣದ ಲೋಹದ ಗೆರೆಯಷ್ಟೇ ಕೂತಿದ್ದರೆ ಸವೆದದ್ದು ಚಾಕು. ಕಲ್ಲು ಬೆಣಚಿನ ಬಳಗದ್ದು. ಮಲಪ್ರಭೆಯ ದಿಬ್ಬದಲ್ಲಿ ಹೆಚ್ಚಿನ ಸಲ ಸವೆಯುವುದು ಚಾಕುವೇ.

ಮೆತ್ತಗಿನವುಗಳನ್ನು ಮೊದಲು ಬೇರ್ಪಡಿಸೋಣ. ಗೀರು ಬಿದ್ದ ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿ, ಭೂತಗನ್ನಡಿ ಹಿಡಿದು ನೋಡಿದರೆ ಸಣ್ಣ ಗುಳ್ಳೆಗಳು ಏಳಬಹುದು. ಎದ್ದರೆ ಅದು ಸುಣ್ಣದ ಕಲ್ಲು. ಕಲಬುರಗಿ ಕಡೆಯ ಮನೆಗಳಲ್ಲಿ ಶಾಬಾದ್ ಫರಸಿಯ ಮೇಲೆ ಹುಳಿ ಚೆಲ್ಲಿದ ಜಾಗ ಮಂಕಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಆ ಫರಸಿಯೂ ಭೀಮಾ ಕಣಿವೆಯ ಪುರಾತನ ಸಮುದ್ರದಡಿ ಕೂತ ಸುಣ್ಣದ ಕೆಸರೇ. ಸನ್ನತಿ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಕೆತ್ತಿದ್ದು ಕೂಡ ಆ ಸೀಮೆಯ ಸುಣ್ಣದ ಕಲ್ಲಿನಲ್ಲಿ. ಬಾಗಲಕೋಟೆ, ಲೋಕಾಪುರದ ಸುತ್ತ ಸುಣ್ಣದ ಕಲ್ಲಿನ ಜೊತೆಗೆ ಅದರ ದಾಯಾದಿ ಡಾಲಮೈಟ್ ಕೂಡ ಇದೆ. ಅದರ ಮೇಲೆ ಹಾಗೇ ಹಿಂಡಿದರೆ ನಿಂಬೆರಸ ಸುಮ್ಮನಿರುತ್ತದೆ. ಚಾಕುವಿನಿಂದ ಕೆರೆದು ಪುಡಿ ಮಾಡಿ, ಆ ಪುಡಿಯ ಮೇಲೆ ಹಿಂಡಬೇಕು. ಆಗ ನಿಧಾನಕ್ಕೆ ಗುಳ್ಳೆ ಬರುತ್ತದೆ. ಈ ಡಾಲಮೈಟಿನಲ್ಲಿ ಬಾಗಿದ ಪದರುಗಳು ಒಂದರೊಳಗೊಂದು ಕಂಡರೆ ಇನ್ನಷ್ಟು ಹತ್ತಿರ ಬಗ್ಗಿ ನೋಡಿ: ಅವು ಸ್ಟ್ರೊಮ್ಯಾಟೊಲೈಟ್ ಇರಬಹುದು. ಆಳವಿಲ್ಲದ ಕಡಲಿನ ತಳದಲ್ಲಿ ಸೂಕ್ಷ್ಮಜೀವಿಗಳ ಹಾಸು ಕೆಸರನ್ನು ಹಿಡಿದು ಹಿಡಿದು ಕಟ್ಟಿದ ರಚನೆ ಅದು. ಆ ಕಾಲದ ಜೀವ ಬಿಟ್ಟುಹೋದ ಕಣ್ಣಿಗೆ ಕಾಣುವ ಗುರುತು ಇಲ್ಲಿ ಬಹುಮಟ್ಟಿಗೆ ಅದೊಂದೇ.

ಇಲ್ಲೊಂದು ಎಚ್ಚರ ಬೇಕು. ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳದ ಕಡೆಯ ಎರೆಹೊಲಗಳಲ್ಲಿ ಬಿಳಿಯ, ಗಂಟುಗಂಟಾದ ಸುಣ್ಣದ ಹರಳು ಸಿಗುತ್ತದೆ. ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ಕಂಕರ. ನಿಂಬೆರಸಕ್ಕೆ ಅದು ಎಲ್ಲಕ್ಕಿಂತ ಜೋರಾಗಿ ಬುರುಗುತ್ತದೆ. ಆದರೆ ಅದು ಯಾವ ಕಡಲಿನದೂ ಅಲ್ಲ, ಯಾವ ಹೊಳೆ ತಂದದ್ದೂ ಅಲ್ಲ. ಮಣ್ಣಿನೊಳಗಿನ ನೀರು ಬಿಸಿಲಿಗೆ ಆರುವಾಗ ಅದರಲ್ಲಿ ಕರಗಿದ್ದ ಸುಣ್ಣ ಅಲ್ಲೇ ಗಟ್ಟಿಯಾಗಿ ಹುಟ್ಟಿದ್ದು. ನೂರು ಕೋಟಿ ವರ್ಷದ ಸುಣ್ಣದ ಕಲ್ಲನ್ನೂ ನಿನ್ನೆ ಮೊನ್ನೆಯ ಹರಳನ್ನೂ ಬೇರೆ ಮಾಡುವುದು ಆಕಾರ: ಕಂಕರಕ್ಕೆ ಉಬ್ಬುತಗ್ಗು, ಒಳಗೆ ಮಣ್ಣಿನ ಕಣ, ಸುಣ್ಣದ ಕಲ್ಲಿಗೆ ನಯವಾದ ಒಡಕು, ಪದರಿನ ಗೆರೆ.

ಇನ್ನು ಗಟ್ಟಿ ಬಳಗ. ಕಲ್ಲನ್ನು ನೀರಲ್ಲಿ ಅದ್ದಿ ತೆಗೆಯಿರಿ. ಒಣಗಿದಾಗ ಎಲ್ಲವೂ ಒಂದೇ ಥರ ಕಾಣುತ್ತವೆ. ಕಣ ಕಾಣದೆ, ಹಾಲಿನ ಬಣ್ಣದಲ್ಲಿ, ಒಡೆದ ಕಡೆ ಎಣ್ಣೆ ಸವರಿದ ಹೊಳಪಿದ್ದರೆ ಅದು ಬೆಣಚುಕಲ್ಲು; ಹಳೆಯ ಗ್ರಾನೈಟ್, ಧಾರವಾಡ ಶಿಲೆಗಳ ಬಿರುಕುಗಳಲ್ಲಿ ಬಿಸಿನೀರಿನಿಂದ ಕೂಡಿಕೊಂಡದ್ದು. ಇಟ್ಟಿಗೆಗೆಂಪಾಗಿ, ಮೇಣದ ನುಣುಪಿನಿಂದ, ಒಡೆದ ಕಡೆ ಚಿಪ್ಪಿನಾಕಾರದ ಬಳುಕು ಇದ್ದರೆ ಜಾಸ್ಪರ್. ಕೆಂಪು ಮತ್ತು ಉಕ್ಕಿನ ಬೂದು ಪಟ್ಟೆಗಳಿದ್ದು, ಗಾತ್ರಕ್ಕೆ ಮೀರಿದ ತೂಕವಿದ್ದರೆ ಅದು ಕಬ್ಬಿಣದ ಪಟ್ಟೆಶಿಲೆ. ಈ ಪಟ್ಟೆಶಿಲೆಯೂ ಪದರಶಿಲೆಯೇ. ಆದರೆ ಮರಳು ಕೂತು ಆದದ್ದಲ್ಲ. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣವೂ ಬೆಣಚಿನ ದ್ರವ್ಯವಾದ ಸಿಲಿಕವೂ ತಳಕ್ಕಿಳಿದು ಆದದ್ದು.

ಉಳಿದದ್ದು ಕಣ ಕಾಣುವವು, ಮತ್ತು ಜನ ಹೆಚ್ಚು ಗೊಂದಲಪಡುವುದು ಇಲ್ಲೇ. ಮರಳುಗಲ್ಲು, ಕ್ವಾರ್ಟ್‌ಜೈಟ್ ಎರಡೂ ಮರಳಿನಿಂದಲೇ ಆದವು. ಮರಳುಗಲ್ಲನ್ನು ಉಗುರಿನಿಂದಲೋ ಚಾಕುವಿನಿಂದಲೋ ಕೆರೆದರೆ ಕಣ ಉದುರುತ್ತದೆ. ಒಡೆದರೆ ಬಿರುಕು ಕಣಗಳನ್ನು ಬಳಸಿಕೊಂಡು, ಅವುಗಳ ನಡುವಿನ ಅಂಟನ್ನು ಸೀಳಿಕೊಂಡು ಹೋಗುತ್ತದೆ. ಹಾಗಾಗಿ ಒಡಕು ಒರಟು. ಕ್ವಾರ್ಟ್‌ಜೈಟಿನಲ್ಲಿ ಕಣಗಳ ನಡುವಿನ ಸಂದಿಯನ್ನೂ ಸಿಲಿಕವೇ ತುಂಬಿ ಎಲ್ಲ ಒಂದೇ ಗಟ್ಟಿಯಾಗಿರುವುದರಿಂದ ಬಿರುಕು ಕಣಗಳನ್ನೇ ಕತ್ತರಿಸಿ ಹೋಗುತ್ತದೆ. ಒಡಕು ನಯ, ಗಾಜಿನ ಮಿನುಗು. ಹೊಳೆಯಲ್ಲಿ ಯಾವಾಗಲೂ ಒಡೆದ ಕಲ್ಲು ಒಂದೆರಡು ಸಿಗುತ್ತವೆ, ಹೊಸದಾಗಿ ಒಡೆಯುವ ಅಗತ್ಯ ಬೀಳುವುದಿಲ್ಲ. ಮಲಪ್ರಭೆಯ ರಾಶಿಯಲ್ಲಿ ಎದ್ದು ಕಾಣುವುದು ಈ ಕ್ವಾರ್ಟ್‌ಜೈಟ್. ಅದರ ಒಂದು ಉರುಟುಗಲ್ಲನ್ನೇ ಹಿಡಿದುಕೊಂಡು ಹಿಂದಕ್ಕೆ ಹೋಗೋಣ.

ಈ ದಾರಿಯನ್ನು ವಿವರವಾಗಿ ಬರವಣಿಗೆಗೆ ಇಳಿಸಿದವನು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ಫೂಟ್, ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಈ ಭಾಗವನ್ನು ಸುತ್ತಾಡಿ 1876ರಲ್ಲಿ ದೊಡ್ಡ ವರದಿಯನ್ನೇ ಪ್ರಕಟಿಸಿದ. ಕಲಾದಗಿ ಆಗ ಜಿಲ್ಲಾ ಕೇಂದ್ರ. ಅದರ ಹೆಸರನ್ನೇ ಇಲ್ಲಿನ ಪದರಶಿಲೆಗಳಿಗೆ ಕೊಟ್ಟ. ಮುಂದಿನ ತಲೆಮಾರಿನ ಭೂವಿಜ್ಞಾನಿಗಳು ಈ ಶಿಲೆಗಳನ್ನು ಎರಡು ಗುಂಪು ಮಾಡಿದರು: ಕೆಳಗಿನದು ಬಾಗಲಕೋಟೆ ಗುಂಪು, ಮೇಲಿನದು ಬಾದಾಮಿ ಗುಂಪು. ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘ 1987ರಲ್ಲಿ ಬಿ.ಪಿ. ರಾಧಾಕೃಷ್ಣ ಅವರ ಸಂಪಾದಕತ್ವದಲ್ಲಿ ಇಂಥ ಪುರಾತನ ಜಲಾನಯನಗಳ ಮೇಲೆ ತಂದ ಸಂಪುಟದಲ್ಲಿ ಈ ಸೀಮೆಗೂ ಜಾಗವಿದೆ.

ಎರಡು ಗುಂಪು ಯಾಕೆ ಬೇಕಾಯಿತು ಎಂಬುದಕ್ಕೆ ರಾಮದುರ್ಗದ ಸುತ್ತಲಿನ ಗುಡ್ಡಗಳೇ ಸಾಕ್ಷಿ. ಅಲ್ಲಿ ಬಾಗಲಕೋಟೆ ಗುಂಪಿನ ಕ್ವಾರ್ಟ್‌ಜೈಟ್ ಪದರುಗಳು ಓರೆಯಾಗಿ ಎದ್ದು ನಿಂತಿವೆ. ಅವುಗಳ ತಲೆ ಕೊಯ್ದಂತೆ ಸವೆದ ಮೇಲ್ಮೈಯ ಮೇಲೆ ಬಾದಾಮಿಯ ಮರಳುಗಲ್ಲು ಬಹುಮಟ್ಟಿಗೆ ಅಡ್ಡಡ್ಡಲಾಗಿ ಮಲಗಿದೆ. ಇದನ್ನು ನೋಡಿದವರು ಘಟನೆಗಳನ್ನು ಸಾಲಾಗಿ ಹೇಳಬಲ್ಲರು: ಮೊದಲು ಮರಳು ಸಮತಟ್ಟಾಗಿ ಕೂತಿತು, ಗಟ್ಟಿ ಕಲ್ಲಾಯಿತು, ಭೂಮಿಯ ಒತ್ತಡಕ್ಕೆ ಮಡಿಚಿಕೊಂಡಿತು, ಬೆಟ್ಟವಾಗಿ ಎದ್ದಿತು, ಮಳೆ-ಗಾಳಿಗೆ ಸವೆದು ತಗ್ಗಿತು, ಆಮೇಲೆ ಅದರ ಮೇಲೆ ಹೊಸ ಮರಳು ಬಂದು ಬಿತ್ತು. ಜೇಮ್ಸ್ ಹಟನ್ 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲ ಬಂಡೆಯಲ್ಲಿ ಇಂಥದೇ ನೋಟ ಕಂಡು ಭೂಮಿಯ ವಯಸ್ಸು ಊಹೆಗೂ ಮೀರಿದ್ದು ಎಂದು ಅರಿತುಕೊಂಡ. ಸಿಕ್ಕರ್ ಪಾಯಿಂಟಿಗೆ ಲೋಕದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಹೋಗುತ್ತಾರೆ. ರಾಮದುರ್ಗದ್ದು ಅದಕ್ಕೇನೂ ಕಡಿಮೆಯಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಶಾಲೆಯ ಮಕ್ಕಳು ಬಾದಾಮಿಗೆ ಪ್ರವಾಸ ಬರುವ ದಾರಿಯಲ್ಲಿ ಅರ್ಧ ತಾಸು ಅಲ್ಲಿ ನಿಲ್ಲಬೇಕು.

ಈಗ ನಮ್ಮ ಕಲ್ಲಿಗೆ ಬರೋಣ. ಆ ಎರಡು ಗುಂಪುಗಳ ನಡುವಿನ ಗಡಿಯಲ್ಲಿ, ಬಾದಾಮಿ ಗುಂಪಿನ ತೀರಾ ಬುಡದಲ್ಲಿ ಒಂದು ವಿಶೇಷ ಪದರವಿದೆ. ಬಾದಾಮಿ ಹತ್ತಿರದ ಕೆಂದೂರಿನ ಹೆಸರು ಅದಕ್ಕೆ: ಕೆಂದೂರು ಕಾಂಗ್ಲಾಮರೇಟ್. ಕೆಂಪು ಮರಳಿನ ಪಾಕದಲ್ಲಿ ಉರುಟುಗಲ್ಲುಗಳು ಶೇಂಗಾ ಚಿಕ್ಕಿಯ ಬೀಜದಂತೆ ಕಚ್ಚಿಕೊಂಡಿವೆ. ಆ ಉರುಟುಗಲ್ಲುಗಳನ್ನು ಒಂದೊಂದಾಗಿ ನೋಡಿದರೆ ಕ್ವಾರ್ಟ್‌ಜೈಟ್, ಬೆಣಚು, ಜಾಸ್ಪರ್. ಹೊಳೆಯ ದಂಡೆಯಲ್ಲಿ ಕಂಡವರೇ! ಕಲ್ಲಿಗೆ ಮೂಲೆಗಳು ಉಳಿದಿದ್ದರೆ ಅದು ಹುಟ್ಟಿದ ಗುಡ್ಡದಿಂದ ದೂರ ಹೋಗಿಲ್ಲ, ದುಂಡಗಿದ್ದರೆ ಬಹುದೂರ ಉರುಳಿದೆ. ಮೂಲೆ ಸವೆಯುವುದು ಮೊದಮೊದಲು ಬೇಗ, ಆಮೇಲೆ ತೀರಾ ನಿಧಾನ. ಕಲ್ಲುಗಳನ್ನು ನೀರಿನ ಪೀಪಾಯಿಯಲ್ಲಿ ತಿರುಗಿಸಿ ಇದನ್ನು ಅಳೆದವರಿದ್ದಾರೆ. ಅಮೆರಿಕದ ಕ್ರುಂಬೈನ್ 1941ರಲ್ಲಿ ಉರುಟುತನವನ್ನು ಅಳೆಯಲು ಚಿತ್ರಗಳ ಸಾಲನ್ನೇ ಕೊಟ್ಟ; ಕೈಯಲ್ಲಿನ ಕಲ್ಲನ್ನು ಆ ಚಿತ್ರಗಳ ಪಕ್ಕ ಹಿಡಿದು ಹೋಲಿಸಿದರೆ ಆಯಿತು. ಅದಕ್ಕೂ ಮೊದಲು, 1922ರಲ್ಲಿ, ಚೆಸ್ಟರ್ ವೆಂಟ್‌ವರ್ತ್ ಗಾತ್ರದ ಲೆಕ್ಕ ಹಾಕಿದ್ದ: 2 ಮಿಲಿಮೀಟರಿನವರೆಗೆ ಮರಳು, 4ರಿಂದ 64ರವರೆಗೆ ಉರುಟುಗಲ್ಲು, ಅದರಾಚೆ 256ರವರೆಗೆ ಗುಂಡುಕಲ್ಲು. ಇಂದಿಗೂ ಭೂವಿಜ್ಞಾನಿಗಳ ಟಿಪ್ಪಣಿ ಪುಸ್ತಕದಲ್ಲಿ ಇದೇ ಅಳತೆ.

ಕೆಂದೂರಿನ ಈ ಪದರವನ್ನು ಹಾಸಿದ್ದು ಮಡಿಚಿದ ಕ್ವಾರ್ಟ್‌ಜೈಟ್ ಬೆಟ್ಟಗಳಿಂದ ಇಳಿದು ಬಂದ ಹೊಳೆಗಳು. ಅವು ಹೇಗಿದ್ದವು ಎಂಬುದನ್ನು ಬಾದಾಮಿಯ ಗುಹೆಗಳೇ ಹೇಳುತ್ತವೆ. ಗುಹೆಗಳನ್ನು ಕೊರೆದ ಮರಳುಗಲ್ಲಿಗೆ ಭೂವಿಜ್ಞಾನದಲ್ಲಿ ‘ಕೇವ್ ಟೆಂಪಲ್ ಅರೆನೈಟ್’ ಎಂದೇ ಹೆಸರು. ಚಾಲುಕ್ಯರ ಕೆಲಸ ಒಂದು ಶಿಲೆಯ ವೈಜ್ಞಾನಿಕ ಹೆಸರಾಗಿ ನಿಂತುಬಿಟ್ಟಿದೆ. ಆ ಬಂಡೆಯ ಬದಿಯಲ್ಲಿ ನೋಡಿದರೆ ಮುಖ್ಯ ಪದರುಗಳ ನಡುವೆ ಓರೆಯಾಗಿ ಇಳಿದ ಸಣ್ಣ ಗೆರೆಗಳಿವೆ. ಹರಿಯುವ ನೀರು ಮರಳಿನ ದಿಣ್ಣೆಯನ್ನು ಮುಂದಕ್ಕೆ ತಳ್ಳುವಾಗ ಅದರ ಇಳಿಜಾರಿನಲ್ಲಿ ಬಿದ್ದ ಮರಳಿನ ಗೆರೆ ಅವು; ಗೆರೆ ಇಳಿಯುವ ದಿಕ್ಕೇ ಹೊಳೆ ಹರಿದ ದಿಕ್ಕು. ನೆಲದ ಮೇಲೆ ಮರಗಿಡ, ಹುಲ್ಲು ಯಾವುದೂ ಹುಟ್ಟಿರದ ಕಾಲ. ದಂಡೆಯನ್ನು ಹಿಡಿದಿಡಲು ಬೇರುಗಳಿಲ್ಲ. ಹೊಳೆ ಅಗಲಕ್ಕೆ ಹರಡಿ, ಹತ್ತಾರು ಕವಲಾಗಿ, ದಿನಕ್ಕೊಂದು ಪಾತ್ರ ಬದಲಿಸುತ್ತಾ ಹರಿಯುತ್ತಿತ್ತು. ಕೆಂಪು ಬಣ್ಣ ಕಬ್ಬಿಣದ್ದು. ಪ್ರತಿ ಕಣದ ಮೇಲೂ ತುಕ್ಕಿನ ತೆಳು ಲೇಪ. ಗಾಳಿಯಲ್ಲಿ ಆಮ್ಲಜನಕ ಇತ್ತು ಎಂಬುದಕ್ಕೆ ಆ ಬಣ್ಣವೇ ಆಧಾರ.

ಮೊದಲನೆಯ ಪುಲಕೇಶಿ ಬಾದಾಮಿಯ ಬಂಡೆಯ ಮೇಲೆ ಶಾಸನ ಕೊರೆಸಿದ್ದು ಕ್ರಿ.ಶ. 543ರಲ್ಲಿ, ಮಂಗಳೇಶ ಕೊರೆಸಿದ ಮೂರನೆಯ ಗುಹೆಯ ಶಾಸನ 578ರದು. ಅಲ್ಲಿನ ಶಿಲ್ಪಗಳ ಮೈಮೇಲೆ ನಸುಗೆಂಪು, ಬಿಳಿ, ನೇರಳೆ ಪಟ್ಟೆಗಳು ಹಾದುಹೋಗಿರುವುದನ್ನು ಎಲ್ಲರೂ ನೋಡುತ್ತಾರೆ. ಬಣ್ಣ ಬಳಿದದ್ದಲ್ಲ. ಹಳೆಯ ಹೊಳೆಯ ಮರಳು ಪದರು ಪದರಾಗಿ ಬಿದ್ದ ಗುರುತು, ಅದರ ಸಂದಿಗಳಲ್ಲಿ ಓಡಾಡಿದ ನೀರು ಕಬ್ಬಿಣವನ್ನು ಅತ್ತಿತ್ತ ಸರಿಸಿದ ಗುರುತು. ಶಿಲ್ಪಿಗಳು ಇದನ್ನು ಗಮನಿಸಿರಲೇಬೇಕು. ದಪ್ಪ ಪದರು, ಸಮ ಕಣ, ಉಳಿಗೆ ಒಗ್ಗುವ ಅಂಟು: ಈ ಮೂರೂ ಒಟ್ಟಿಗೆ ಸಿಕ್ಕಿದ್ದರಿಂದಲೇ ಇಲ್ಲಿ ಗುಹೆ ಕೊರೆಯಲಾಯಿತು, ಪಟ್ಟದಕಲ್ಲಿನಲ್ಲಿ ದೊಡ್ಡ ಬಂಡೆಗಳನ್ನು ಒಂದರ ಮೇಲೊಂದು ಕೂರಿಸಲಾಯಿತು. ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಅದಕ್ಕೂ ಹಿಂದಿನ ಬೃಹತ್ ಶಿಲಾ ಸಮಾಧಿಗಳಿವೆ. ಅವನ್ನು ಕಟ್ಟಿದವರೂ ಪದರಿನಗುಂಟ ಚಪ್ಪಡಿಯಾಗಿ ಏಳುವ ಇದೇ ಮರಳುಗಲ್ಲನ್ನು ಎಬ್ಬಿಸಿ ನಿಲ್ಲಿಸಿದ್ದರು.

ನಮ್ಮ ಉರುಟುಗಲ್ಲು ಇನ್ನೂ ಹಿಂದಕ್ಕೆ ಕರೆಯುತ್ತದೆ. ಅದು ಕ್ವಾರ್ಟ್‌ಜೈಟ್, ಅಂದರೆ ಒಂದು ಕಾಲಕ್ಕೆ ಅದೂ ಸಡಿಲ ಮರಳು. ಸವದತ್ತಿಯ ಗುಡ್ಡಗಳಿಗೆ ಹೋದರೆ, ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋದ ಇಕ್ಕಟ್ಟಿನಲ್ಲಿ ನಿಂತರೆ, ಆ ಕ್ವಾರ್ಟ್‌ಜೈಟ್ ಗೋಡೆಯಾಗಿ ಕಾಣುತ್ತದೆ. ಅದರಲ್ಲಿ ಬಹುತೇಕ ಬೆಣಚಿನ ಕಣಗಳೇ. ಮೆತ್ತಗಿನದೆಲ್ಲ ಅಷ್ಟರಲ್ಲೇ ಸವೆದು ಹೋಗಿತ್ತು; ಆಳವಿಲ್ಲದ ಕಡಲಿನ ಅಂಚಿನಲ್ಲಿ ಅಲೆಗಳು ಮರಳನ್ನು ಜಾಲಾಡಿ ಜಾಲಾಡಿ ಶುದ್ಧ ಮಾಡಿದ್ದವು. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು. ಆ ಮರಳು ಬಂದದ್ದು ಅದಕ್ಕೂ ಹಳೆಯ ಗ್ರಾನೈಟು, ಧಾರವಾಡ ಶಿಲೆಗಳಿಂದ. ಬಾಗಲಕೋಟೆ ಗುಂಪಿನ ಬುಡದಲ್ಲೂ ಒಂದು ಉರುಟುಗಲ್ಲಿನ ಪದರವಿದೆ, ಸಾಲಗುಂದಿ ಕಾಂಗ್ಲಾಮರೇಟ್. ಹಾಗೆಂದರೆ ಇಂದಿನ ದಿಬ್ಬದಲ್ಲಿರುವ ಬೆಣಚಿನ ಹರಳೊಂದು ಮೂರು ಸಲ ಮೂರು ನದಿಗಳಲ್ಲಿ ಉರುಳಿರಲು ಸಾಧ್ಯ.

ಯಾವ ಕಲ್ಲು ಮಲಪ್ರಭೆಯದು, ಯಾವುದು ಹಳೆಯ ಹೊಳೆಯದು ಎಂದು ಹೇಳುವುದು ಕಷ್ಟವೇ. ಎಲ್ಲ ಕಲ್ಲಿನ ವಿಷಯದಲ್ಲೂ ಆಗದು. ಆದರೆ ಸುಳಿವುಗಳಿವೆ. ಉರುಟುಗಲ್ಲಿನ ಸಣ್ಣ ಗುಳಿಗಳಲ್ಲಿ ಕೆಂಪು ಮರಳಿನ ಅಂಟು ಇನ್ನೂ ಕಚ್ಚಿಕೊಂಡಿದ್ದರೆ ಅದು ಕಾಂಗ್ಲಾಮರೇಟಿನಿಂದ ಬಿಡುಗಡೆಯಾಗಿ ಬಹಳ ಕಾಲವಾಗಿಲ್ಲ. ಅರ್ಧ ಉರುಟಾಗಿ ಅರ್ಧ ಒಡೆದ ಕಲ್ಲು ಸಿಕ್ಕಿ, ಒಡೆದ ಅಂಚು ಇನ್ನೂ ಚೂಪಾಗಿದ್ದರೆ, ಉರುಟು ಮೈ ಒಂದು ಪಯಣದ್ದು, ಒಡಕು ಇನ್ನೊಂದರದು. ಇನ್ನೂ ನಿಚ್ಚಳ ಸಾಕ್ಷಿ ಬೇಕೆಂದರೆ ಹೊಳೆಯನ್ನೇ ಬಿಟ್ಟು ಗುಡ್ಡದ ಬುಡದ ಹೊಲಕ್ಕೆ ಹೋಗಬೇಕು. ಹಳ್ಳವೂ ಇಲ್ಲದ ಕಡೆ ದುಂಡಗಿನ ಕಲ್ಲು ಹರಡಿದ್ದು, ಮೇಲಿನ ಬಂಡೆಯಲ್ಲಿ ಅಂಥದೇ ಕಲ್ಲುಗಳು ಅರ್ಧ ಹೊರಗೆ ಚಾಚಿಕೊಂಡಿದ್ದರೆ ಬೇರೆ ಪುರಾವೆ ಬೇಡ. ಅವು ಇಲ್ಲಿಂದಲೇ ಉದುರಿ, ಮಳೆನೀರಿನ ಜೊತೆ ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ ಇಳಿಯುತ್ತವೆ.

ಈ ಕಲ್ಲುಗಳನ್ನು ನಮಗಿಂತ ಚೆನ್ನಾಗಿ ಗುರುತು ಹಿಡಿದವರು ಲಕ್ಷಾಂತರ ವರ್ಷಗಳ ಹಿಂದೆ ಈ ದಂಡೆಯಲ್ಲಿ ಓಡಾಡಿದ್ದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಉಪಕರಣವನ್ನು ಮೊದಲು ಕಂಡಿದ್ದ ಫೂಟ್, ಮಲಪ್ರಭೆಯ ಗರಸಿನಲ್ಲೂ ಅಂಥವನ್ನು ಕಂಡು 1876ರ ವರದಿಯಲ್ಲಿ ದಾಖಲಿಸಿದ. ಮಲಪ್ರಭೆಯ ದಂಡೆಯ ಖ್ಯಾಡ ಎಂಬ ಊರಿನ ಸುತ್ತಲಿನ ನಿಕ್ಷೇಪಗಳನ್ನು ಆರ್.ವಿ. ಜೋಶಿ ವಿವರವಾಗಿ ಅಧ್ಯಯನ ಮಾಡಿ 1955ರಲ್ಲಿ ಮಲಪ್ರಭಾ ಕಣಿವೆಯ ಮೇಲೆ ಪುಸ್ತಕ ಪ್ರಕಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಲಖಮಾಪುರದಲ್ಲಿ ಕೈಗೊಡಲಿಗಳನ್ನೂ ಚಕ್ಕೆಗಳನ್ನೂ ಪರಿಶೀಲಿಸಿದರು. ಇಲ್ಲೆಲ್ಲ ಮೇಲುಗೈ ಕ್ವಾರ್ಟ್‌ಜೈಟಿನದೇ. ಕಾರಣ ಆ ಒಡಕಿನಲ್ಲೇ ಇದೆ: ಬಿರುಕು ಕಣಗಳನ್ನು ಕತ್ತರಿಸಿಕೊಂಡು ಹೋಗುವ ಕಲ್ಲಿಗೆ ಮಾತ್ರ ಹರಿತ ಅಂಚು ಬರುತ್ತದೆ. ಮರಳುಗಲ್ಲಿನ ಅಂಚು ಕೈಯಲ್ಲೇ ಉದುರುತ್ತದೆ. ನಾವು ಭೂತಗನ್ನಡಿ ಹಿಡಿದು ಮಾಡುವ ಪರೀಕ್ಷೆಯನ್ನು ಅವರು ಕಲ್ಲಿನಿಂದ ಕಲ್ಲಿಗೆ ಬಡಿದು, ಸದ್ದು ಕೇಳಿ ಮಾಡಿದ್ದರೇನೋ.

ದಿಬ್ಬದಲ್ಲಿ ಹುಡುಕುವಾಗ ಅಂಥ ಉಪಕರಣವೊಂದು ಸಿಕ್ಕರೆ ತಿಳಿಯುವುದು ಹೇಗೆ? ಪ್ರವಾಹದಲ್ಲಿ ಬಡಿದು ಒಡೆದ ಕಲ್ಲಿಗೆ ಒಂದೋ ಎರಡೋ ಗಾಯ, ಎಲ್ಲೆಂದರಲ್ಲಿ. ಮನುಷ್ಯ ಒಡೆದದ್ದಕ್ಕೆ ಅಂಚಿನುದ್ದಕ್ಕೂ ಸಾಲಾಗಿ, ಎರಡೂ ಮುಖದಲ್ಲಿ ಚಕ್ಕೆ ಎದ್ದ ಗುಳಿಗಳು. ಏಟು ಬಿದ್ದ ಕಡೆ ಸಣ್ಣ ಉಬ್ಬು ಅಥವಾ ಅದರ ಅಚ್ಚು. ಸಿಕ್ಕ ಜಾಗದಲ್ಲೇ ಚಿತ್ರ ತೆಗೆದು, ಊರು-ಹೊಲದ ಗುರುತು ಬರೆದು, ಕಲ್ಲನ್ನು ಅಲ್ಲೇ ಬಿಟ್ಟು, ಬಾದಾಮಿಯ ಪುರಾತತ್ವ ವಸ್ತು ಸಂಗ್ರಹಾಲಯಕ್ಕೆ ತಿಳಿಸಬೇಕು. ಮನೆಯ ಶೋಕೇಸಿಗೆ ಬಂದ ಕೈಗೊಡಲಿಯಿಂದ ಯಾರಿಗೂ ಏನೂ ತಿಳಿಯದು. ಯಾವ ಪದರದಲ್ಲಿ, ಯಾವ ಕಲ್ಲುಗಳ ನಡುವೆ ಇತ್ತು ಎಂಬುದು ಅದರ ಅರ್ಧ ಜೀವ.

ಹೊಳೆಯ ರಾಶಿ ಈಗ ಮೊದಲಿನಂತೆ ಇಲ್ಲ. 1970ರ ದಶಕದಿಂದ ನವಿಲುತೀರ್ಥದ ಅಣೆಕಟ್ಟು ನೀರಿನ ಜೊತೆ ಕಲ್ಲನ್ನೂ ತಡೆಯುತ್ತಿದೆ. ಘಟ್ಟದ ಕಡೆಯಿಂದ ಉರುಳಿ ಬರುವ ಕಲ್ಲು ಅದರ ಜಲಾಶಯವಾದ ರೇಣುಕಾ ಸಾಗರದ ತಳದಲ್ಲೇ ನಿಲ್ಲುತ್ತದೆ. ಕೆಳಗಿನ ಪಾತ್ರಕ್ಕೆ ಹೊಸದಾಗಿ ಸೇರುವುದು ಬೆಣ್ಣಿಹಳ್ಳ ಮತ್ತು ಅಕ್ಕಪಕ್ಕದ ಹಳ್ಳಗಳು ತಂದದ್ದು, ಗುಡ್ಡಗಳಿಂದ ಉದುರಿದ್ದು, ಹಳೆಯ ದಂಡೆ ಕುಸಿದಾಗ ಬಿದ್ದದ್ದು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ದೊಡ್ಡ ಗುಂಡುಕಲ್ಲು ಜಾಗ ಬದಲಿಸುವುದು ಅಂಥ ಮಹಾಪೂರಗಳಲ್ಲಿ. ಇದರ ನಡುವೆ ಮರಳಿಗಾಗಿ ಪಾತ್ರವನ್ನು ಅಗೆಯುವುದೂ ನಡೆದಿದೆ. ಅಗೆದ ಕಡೆ ಕಲ್ಲಿನ ಪದರಗಳ ಕ್ರಮವೇ ಕಲಸಿಹೋಗುತ್ತದೆ. ಖ್ಯಾಡದಂಥ ಜಾಗಗಳಲ್ಲಿ ಹೀಗಾದರೆ ಮತ್ತೆ ಸರಿಪಡಿಸಲಾಗದ ನಷ್ಟ.

ಬಾದಾಮಿಗೆ ಹೋಗುವವರು ಚಾಕು, ಒಂದು ಭೂತಗನ್ನಡಿ, ನಿಂಬೆಹಣ್ಣು, ನೀರಿನ ಬಾಟಲಿ ಚೀಲದಲ್ಲಿಟ್ಟುಕೊಳ್ಳಿ. ಚಾಕುವೂ ನಿಂಬೆರಸವೂ ಹೊಳೆಯ ಸಡಿಲ ಕಲ್ಲುಗಳಿಗೆ ಮಾತ್ರ. ಸ್ಮಾರಕದ ಗೋಡೆಯನ್ನು, ಗುಹೆಯ ಬಂಡೆಯನ್ನು ಗೀರುವುದು ಅಪರಾಧ. ಗುಹೆ ನೋಡುವ ಮೊದಲು ಕೆಂದೂರಿನ ಕಡೆಯ ಗುಡ್ಡದ ಬುಡಕ್ಕೆ ಹೋಗಿ ಉರುಟುಗಲ್ಲು ಕಚ್ಚಿಕೊಂಡ ಬಂಡೆಯನ್ನು ನೋಡಿ. ಗುಹೆಯಲ್ಲಿ ಓರೆಗೆರೆಗಳನ್ನು ಹುಡುಕಿ. ಕಡೆಗೆ ಹೊಳೆಗೆ ಇಳಿಯಿರಿ, ಬೆಳಗಿನ ಹೊತ್ತಾದರೆ ಒಳ್ಳೆಯದು: ಓರೆಬಿಸಿಲಿನಲ್ಲಿ ಕಣದ ಮಿನುಗು, ಒಡಕಿನ ನಯ ಎರಡೂ ಸ್ಪಷ್ಟವಾಗಿ ಕಾಣುತ್ತವೆ.